ದಸರೆಗೆ ಮೊದಲೋ, ನಂತರವೋ: ಒಬ್ಬ ಪುಟವಿನ್ಯಾಸಕಿಯ ಲ್ಯಾಪ್‌ಟಾಪ್ ಖರೀದಿ

ಧಾರವಾಡದಲ್ಲಿ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುವ ಒಬ್ಬ ಮಹಿಳೆ 2025ರ ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ ಲ್ಯಾಪ್‌ಟಾಪ್ ಬಗ್ಗೆ ಹೇಗೆ ಯೋಚಿಸಿದರು, ಕೊನೆಗೆ ಏನನ್ನು, ಯಾವಾಗ ಕೊಂಡರು ಎಂಬುದರ ವಿವರ ಇದು. ಅವರು ಜೋಡಿಸಿದ ಪುಟಗಳ ಕರಡು ತಿದ್ದುವುದು ನನ್ನ ಕೆಲಸ. ಆ ನಂಟಿನಿಂದಾಗಿ ಈ ನಿರ್ಧಾರದ ಹೆಚ್ಚಿನ ಮಾತುಕತೆಯಲ್ಲಿ ನಾನೂ ಇದ್ದೆ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಬರೆಯಲು ಕಾರಣವಿದೆ. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಸಿಗುವ ಸಲಹೆಯೆಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೋ ಆಟ ಆಡುವವರನ್ನೋ ಕಣ್ಣ ಮುಂದೆ ಇಟ್ಟುಕೊಂಡದ್ದು. ಕನ್ನಡ ಪುಸ್ತಕದ ಒಳಪುಟ ಜೋಡಿಸುವವರು, ಲಗ್ನಪತ್ರಿಕೆ ಮಾಡುವವರು, ಸ್ಮರಣ ಸಂಚಿಕೆ ಸಿದ್ಧಪಡಿಸುವವರು ಊರೂರಲ್ಲೂ ಇದ್ದಾರೆ. ಅವರ ಅಗತ್ಯವನ್ನು ಕೇಳಿ ಸಲಹೆ ಕೊಡುವವರು ಇಲ್ಲ. ಆ ಕೊರತೆ ನನ್ನನ್ನು ಬಹಳ ಕಾಡಿದೆ.

ಇದ್ದ ಯಂತ್ರ

ಅವರ ಬಳಿ ಇದ್ದದ್ದು 2018ರ ಆರಂಭದಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್‌ನ ಏಳನೇ ಪೀಳಿಗೆಯ ಐ5-7200ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್, 15.6 ಇಂಚಿನ 1366×768 ಪರದೆ. ನಾನೂರು ಪುಟದ ಕಾದಂಬರಿಯ ಕಡತ ತೆರೆಯಲು ಹೊರಟರೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಬ್ಯಾಟರಿ ಅರ್ಧ ಗಂಟೆಯೂ ಬಾರದಂತಾಗಿತ್ತು. ಕರೆಂಟ್ ಹೋದರೆ ಕೆಲಸ ನಿಲ್ಲಬೇಕು. ಪರದೆಯ ಎಡಗಡೆಯ ಕೀಲು ಬಿರುಕು ಬಿಟ್ಟಿತ್ತು. ಇಷ್ಟರ ಮೇಲೆ, ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಸೂಚನೆ ಬೇರೆ.

ಈ ಕೊನೆಯ ಸಂಗತಿಯ ಹಿನ್ನೆಲೆ ತಿಳಿಯಬೇಕಾದದ್ದು. ಇಂಟೆಲ್ ತನ್ನ ಎಂಟನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನು 2017ರ ಆಗಸ್ಟ್‌ನಲ್ಲೇ ಪ್ರಕಟಿಸಿತ್ತು. ಅವರು ಕೊಳ್ಳುವ ಹೊತ್ತಿಗೆ ಎರಡೂ ಪೀಳಿಗೆಗಳು ಅಂಗಡಿಯಲ್ಲಿ ಅಕ್ಕಪಕ್ಕ ಇದ್ದವು. ಏಳನೆಯದು ಕೆಲವು ಸಾವಿರ ಅಗ್ಗವಾಗಿ ಸಿಕ್ಕಿತು, ಅದನ್ನೇ ಕೊಂಡರು. 2021ರಲ್ಲಿ ವಿಂಡೋಸ್ 11 ಬಂದಾಗ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಅದು ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಆರಂಭವಾದದ್ದು ಎಂಟನೇ ಪೀಳಿಗೆಯಿಂದ. 2018ರಲ್ಲಿ ಇದನ್ನು ಯಾರೂ ಊಹಿಸಲು ಸಾಧ್ಯವಿರಲಿಲ್ಲ. ಆದರೂ, ಅಂಗಡಿಯವರು ಹಳೆಯ ದಾಸ್ತಾನನ್ನು ಇಳಿಸಿದ ಬೆಲೆಗೆ ಕೊಟ್ಟಾಗ ಆ ಉಳಿತಾಯದ ಒಂದು ಪಾಲು ಯಂತ್ರದ ಆಯುಷ್ಯದಿಂದ ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ನೋಡಿಲ್ಲ.

ನಿಧಾನ ಯಾವುದು?

"ಅಣ್ಣಾ, ಈಗಲೇ ಕೊಳ್ಳಲೇ, ದಸರೆಯವರೆಗೆ ಕಾಯಲೇ?" ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಅದಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದಿತ್ತು: ಈ ಯಂತ್ರದಲ್ಲಿ ನಿಧಾನವಾಗಿರುವುದು ಯಾವ ಭಾಗ?

ಆ ನಾನೂರು ಪುಟದ ಕಡತವನ್ನು ತೆರೆಯುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು (ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿ) ಪಕ್ಕದಲ್ಲಿ ಇಟ್ಟುಕೊಂಡು ನೋಡಿದೆವು. ಪ್ರೊಸೆಸರ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ಡಿಸ್ಕ್ ಮಾತ್ರ ಶೇ 100ರಲ್ಲಿ ನಿಂತುಬಿಟ್ಟಿತ್ತು. ತೆರೆದ ಕಡತಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ‍್ಯಾಮ್ ಭರ್ತಿಯ ಅಂಚಿನಲ್ಲಿತ್ತು. ಅದು ತುಂಬಿದಾಗ ವಿಂಡೋಸ್ ಹೆಚ್ಚುವರಿಯನ್ನು ಡಿಸ್ಕಿಗೆ ಬರೆಯುತ್ತದೆ, ಡಿಸ್ಕ್ ಮೊದಲೇ ಏದುಸಿರು ಬಿಡುತ್ತಿರುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಬೇಕು. ನೂರಾರು ಚಿತ್ರ, ಫಾಂಟ್, ಸಣ್ಣಪುಟ್ಟ ಕಡತಗಳು ಚದುರಿಹೋಗಿರುವಾಗ ಹೆಚ್ಚಿನ ಹೊತ್ತು ಆ ಸರಿದಾಟಕ್ಕೇ ಹೋಗುತ್ತದೆ. ಚಿಪ್ಪುಗಳಲ್ಲಿ ಕಡತ ಉಳಿಸುವ ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ.

ಹುಬ್ಬಳ್ಳಿಯ ರಿಪೇರಿ ಅಂಗಡಿಯೊಂದರಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ 500 ಜಿಬಿಯ ಎಸ್‌ಎಸ್‌ಡಿ ಹಾಕಿಸಿದರು. ಖಾಲಿ ಇದ್ದ ರ‍್ಯಾಮ್ ಸ್ಲಾಟಿಗೆ ಇನ್ನೊಂದು 8 ಜಿಬಿ ಸೇರಿತು. ಕೂಲಿಯೂ ಸೇರಿ ಸುಮಾರು ಆರು ಸಾವಿರ ರೂಪಾಯಿ. ಕಡತ ತೆರೆಯುವುದು, ಉಳಿಸುವುದು, ಮುದ್ರಣಾಲಯಕ್ಕೆ ಪಿಡಿಎಫ್ ಮಾಡುವುದು ಎಲ್ಲವೂ ಚುರುಕಾಯಿತು. ಕೊಳ್ಳುವ ಯೋಚನೆಯನ್ನೇ ಬಿಟ್ಟುಬಿಡೋಣವೇ ಎಂದೂ ಅವರು ಕೇಳಿದರು. ಪಠ್ಯ ಟೈಪ್ ಮಾಡುವುದಷ್ಟೇ ಅವರ ಕೆಲಸವಾಗಿದ್ದರೆ ಹೌದು ಎನ್ನುತ್ತಿದ್ದೆ. ಆದರೆ ಬಿರುಕು ಬಿಟ್ಟ ಕೀಲು, ಸತ್ತ ಬ್ಯಾಟರಿ, ಆ ಪರದೆ ಹಾಗೆಯೇ ಉಳಿದವು. ಆರು ಸಾವಿರದಿಂದ ದೊರೆತ ದೊಡ್ಡ ಲಾಭ ಆತುರ ತಪ್ಪಿದ್ದು. ಯಂತ್ರ ಕೈಕೊಟ್ಟ ದಿನ ಅಂಗಡಿಗೆ ಓಡಿದರೆ ಅಲ್ಲಿ ಇದ್ದದ್ದನ್ನು ಕೊಳ್ಳಬೇಕಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯುವ ದಿನ 2025ರ ಅಕ್ಟೋಬರ್ 14 ಎಂದು ನಿಗದಿಯಾಗಿತ್ತು. ಅಂದು ಕಂಪ್ಯೂಟರ್ ನಿಂತೇ ಹೋಗುತ್ತದೆ ಎಂದು ಅವರಿಗೆ ಯಾರೋ ಹೆದರಿಸಿದ್ದರು. ನಿಲ್ಲುವುದಿಲ್ಲ, ಭದ್ರತಾ ಪರಿಷ್ಕರಣೆಗಳು ಬರುವುದು ನಿಲ್ಲುತ್ತದೆ. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಪರಿಷ್ಕರಣೆ ಮುಂದುವರಿಸಿಕೊಳ್ಳುವ ಏರ್ಪಾಡನ್ನೂ ಕಂಪನಿಯೇ ಪ್ರಕಟಿಸಿತ್ತು. ಹೀಗಾಗಿ ಅಕ್ಟೋಬರ್ 14 ಅವರ ಪಾಲಿಗೆ ಗಡುವಾಗಿ ಉಳಿಯಲಿಲ್ಲ.

ಯಾವಾಗ

ನಿಜವಾದ ಗಡುವು ಅವರ ಕೆಲಸದ ಪಂಚಾಂಗದಲ್ಲಿತ್ತು. ಕನ್ನಡ ಪುಸ್ತಕ ಲೋಕಕ್ಕೆ ತನ್ನದೇ ಸುಗ್ಗಿಯಿದೆ. ಜುಲೈ, ಆಗಸ್ಟ್ ಕೊಂಚ ಬಿಡುವು. ಸೆಪ್ಟೆಂಬರ್ ನಡುವಿನಿಂದ ದೀಪಾವಳಿ ವಿಶೇಷಾಂಕಗಳು, ರಾಜ್ಯೋತ್ಸವಕ್ಕೆ ಬಿಡುಗಡೆಯಾಗಬೇಕಾದ ಪುಸ್ತಕಗಳು, ಅವು ಮುಗಿಯುತ್ತಿದ್ದಂತೆ ವರ್ಷ ಮುಗಿಯುವ ಮೊದಲು ಹೊರಬರಲೇಬೇಕೆಂದು ಪ್ರಕಾಶಕರು ಹಟ ಹಿಡಿಯುವ ಶೀರ್ಷಿಕೆಗಳು. ಆ ತಿಂಗಳುಗಳಲ್ಲಿ ಯಂತ್ರ ಬದಲಿಸುವುದೆಂದರೆ ಫಾಂಟ್‌ಗಳು, ಕೀಲಿಮಣೆ ತಂತ್ರಾಂಶ, ಶೈಲಿಗಳು, ಪ್ರಿಂಟರ್ ಎಲ್ಲವನ್ನೂ ನಡುರಾತ್ರಿಯ ಒತ್ತಡದಲ್ಲಿ ಮತ್ತೆ ಹೊಂದಿಸುವುದು. ಒಂದು ಫಾಂಟಿನ ಬೇರೆ ಆವೃತ್ತಿ ಬಂದು ಕುಳಿತರೆ ಸಾಲುಗಳು ಜಾರಿ, ನಾನೂರು ಪುಟದ ಪುಸ್ತಕ ನಾನೂರ ನಾಲ್ಕಾಗುತ್ತದೆ. ಪರಿವಿಡಿಯಿಂದ ಪದಸೂಚಿಯವರೆಗೆ ಎಲ್ಲ ತಪ್ಪುತ್ತದೆ. ಕರಡು ತಿದ್ದುವವನಾಗಿ ಆ ಸಂಕಟ ನನಗೆ ಚೆನ್ನಾಗಿ ಗೊತ್ತು.

ಎದುರಿಗೆ ಇದ್ದದ್ದು ಹಬ್ಬದ ಮಾರಾಟದ ಆಸೆ. ದೊಡ್ಡ ಆನ್‌ಲೈನ್ ಮಾರಾಟಗಾರರ ರಿಯಾಯಿತಿ ಮಾರಾಟ ದಸರೆಯ ಹೊತ್ತಿಗೆ ಬರುತ್ತದೆ. ಆ ವರ್ಷ ಅದು ಸೆಪ್ಟೆಂಬರ್ 23ಕ್ಕೆ ಶುರುವಾಯಿತು. ನಾಲ್ಕೈದು ಸಾವಿರ ಉಳಿಯಬಹುದೆಂಬ ಅಂದಾಜು ನಮ್ಮದು. ಆದರೆ ಆ ಉಳಿತಾಯದ ಬಹುಪಾಲು ಕೆಲವು ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ರಿಯಾಯಿತಿಯಿಂದ ಬರುವಂಥದ್ದು. ಅವರಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲ. ಹಳೆಯ ಲ್ಯಾಪ್‌ಟಾಪ್ ವಿನಿಮಯದ ಲಾಭವೂ ಇಲ್ಲ, ಏಕೆಂದರೆ ಹಳೆಯದನ್ನು ಅವರು ಕೊಡುವವರಿರಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಇನ್ನೇನು ಕೊಳ್ಳಬೇಕು ಎನ್ನುವಾಗ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಜಿಎಸ್‌ಟಿ ಸುಧಾರಣೆಯ ಮಾತಾಡಿದರು. ಲ್ಯಾಪ್‌ಟಾಪ್ ಕೂಡ ಅಗ್ಗವಾಗುತ್ತದೆ, ಕಾಯಿರಿ ಎಂಬ ಮಾತು ಬಂಧುಬಳಗದಲ್ಲಿ ಹರಡಿತು. ಪತ್ರಿಕೆ ಓದಿದರೆ ಸಾಕಿತ್ತು: ಶೇ 28ರಲ್ಲಿದ್ದ ಹೆಚ್ಚಿನ ವಸ್ತುಗಳು ಶೇ 18ಕ್ಕೆ, ಶೇ 12ರಲ್ಲಿದ್ದವು ಶೇ 5ಕ್ಕೆ ಇಳಿಯುವ ಪ್ರಸ್ತಾವ ಅದು. ಲ್ಯಾಪ್‌ಟಾಪ್ ಮೊದಲೇ ಶೇ 18ರಲ್ಲಿತ್ತು. ಸೆಪ್ಟೆಂಬರ್ 22ರಂದು ಹೊಸ ದರ ಜಾರಿಗೆ ಬಂದಾಗ ದೊಡ್ಡ ಟಿವಿ, ಎಸಿ ಅಗ್ಗವಾದವು. ಲ್ಯಾಪ್‌ಟಾಪ್ ಶೇ 18ರಲ್ಲೇ ಉಳಿಯಿತು. (ಜಿಎಸ್‌ಟಿ ನೋಂದಣಿ ಇದ್ದು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವವರಿಗೆ ಆ ಶೇ 18ರ ಲೆಕ್ಕವೇ ಬೇರೆ. ಇವರ ವಹಿವಾಟು ನೋಂದಣಿಯ ಮಿತಿಗಿಂತ ಕೆಳಗಿನದು.)

ಹೀಗೆ ಆಗಸ್ಟ್ ಕೊನೆಯ ವಾರ, ಗಣೇಶ ಚತುರ್ಥಿಗೆ ಮೊದಲು ಎಂದು ನಿರ್ಧಾರವಾಯಿತು. ಆಯುಧ ಪೂಜೆಗೆ ಹೊಸ ಯಂತ್ರ ಮನೆಗೆ ಬರಲಿ ಎಂಬುದು ಅವರ ಅತ್ತೆಯವರ ಇಷ್ಟವಾಗಿತ್ತು. ಒಂದು ತಿಂಗಳು ಮೊದಲೇ ಬಂದರೂ ಪೂಜೆ ಅಂದೇ ಮಾಡೋಣ ಎಂದು ಸೊಸೆ ಹೇಳಿದ್ದಕ್ಕೆ ಅವರು ಒಪ್ಪಿದರು.

ಯಾವುದು

ಒಟ್ಟು ಎಪ್ಪತ್ತು ಸಾವಿರ ರೂಪಾಯಿ ಮೀರುವಂತಿರಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೈದುನ ಗೇಮಿಂಗ್ ಲ್ಯಾಪ್‌ಟಾಪ್ ಸೂಚಿಸಿದರು. ಪಿಯುಸಿ ಎರಡನೇ ವರ್ಷದಲ್ಲಿರುವ ಮಗಳು ಮುಂದೆ ಎಂಜಿನಿಯರಿಂಗ್ ಸೇರಿದರೆ ಅದೇ ಆಗುತ್ತದೆ ಎಂಬುದು ಅವರ ಲೆಕ್ಕ. ನಮ್ಮ ಮನೆಗಳಲ್ಲಿ ಇಂಥ ಲೆಕ್ಕ ಸಹಜ, ಪ್ರೀತಿಯಿಂದಲೇ ಬರುವಂಥದ್ದು. ಆದರೆ ತಾಯಿಯ ಜೀವನೋಪಾಯದ ಯಂತ್ರ ಮಗಳ ಕಾಲೇಜು ಚೀಲದಲ್ಲಿ ಹೋದರೆ ಕೆಲಸ ಎಲ್ಲಿ ನಡೆಯಬೇಕು? ಅಲ್ಲದೆ ಆ ದರದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಹಣವೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ, ಪರದೆಗೆ ಉಳಿಯುವುದು ಕಡಿಮೆ. ವಿವರಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಶೇ 45 ಎನ್‌ಟಿಎಸ್‌ಸಿ ಎಂದು ಬರೆದಿರುತ್ತದೆ, ಅಂದರೆ ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ ಕಡಿಮೆ. ಅಂಥ ಪರದೆಯಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುತ್ತದೆ. ಅದನ್ನು ನೋಡಿಕೊಂಡು ಮುಖಪುಟದ ಬಣ್ಣ ಏರಿಸಿದರೆ ಮುದ್ರಣದಲ್ಲಿ ಕಣ್ಣಿಗೆ ರಾಚುತ್ತದೆ. ಒಳಪುಟದ ಅಕ್ಷರ ಜೋಡಣೆಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯ ಇಲ್ಲವೇ ಇಲ್ಲ.

ಆ್ಯಪಲ್‌ನ ಎಂ4 ಮ್ಯಾಕ್‌ಬುಕ್ ಏರ್ ಭಾರತದಲ್ಲಿ 99,900 ರೂಪಾಯಿಗೆ ಬಿಡುಗಡೆಯಾಗಿತ್ತು. ಪರದೆ, ಬ್ಯಾಟರಿ ಎರಡೂ ಉತ್ತಮ. ಬೆಲೆ ಹಾಗಿರಲಿ, ಕನ್ನಡ ಟೈಪ್ ಮಾಡಲು ಅವರು ಬಳಸುವ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಇರುವುದು. ಹಾಗಾಗಿ ಆ ದಾರಿ ಮುಚ್ಚಿತು. ಇಂಟೆಲ್, ಎಎಂಡಿಗಿಂತ ಬೇರೆ ಬಗೆಯ ಪ್ರೊಸೆಸರ್ ಇರುವ, ಆರ್ಮ್ ಆಧಾರಿತ ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳು ಅರವತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿದ್ದವು. ಆರ್ಮ್ ಯಂತ್ರದಲ್ಲಿ ಸಾಮಾನ್ಯ ತಂತ್ರಾಂಶ ಅನುಕರಣೆಯ ಮೂಲಕ ಓಡುತ್ತದೆ, ಆದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಆರ್ಮ್‌ಗೆಂದೇ ಬರೆದದ್ದು ಇರಬೇಕು. ಕರಡು ತೆಗೆಯಲು ಅವರು ಬಳಸುವ ಹಳೆಯ ಲೇಸರ್ ಪ್ರಿಂಟರಿಗೆ ಅದು ಇರಲಿಲ್ಲ.

ಓಎಲ್‌ಇಡಿ ಪರದೆಯ ಲ್ಯಾಪ್‌ಟಾಪ್ ಒಂದನ್ನು ಅವರು ಅಂಗಡಿಯಲ್ಲಿ ನೋಡಿ ಮೆಚ್ಚಿದ್ದರು. ಬಣ್ಣ ನಿಜಕ್ಕೂ ಸೊಗಸಾಗಿತ್ತು. ನಾನು ಬೇಡವೆಂದೆ. ಅಡೋಬಿಯ ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕೆಲಸ ಮಾಡುವವರ ಪರದೆಯ ಅಂಚಿನ ಫಲಕಗಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಜಾಗದಲ್ಲಿ ಉರಿಯುತ್ತಿರುತ್ತವೆ. ಓಎಲ್‌ಇಡಿಯಲ್ಲಿ ವರ್ಷಗಳ ಮೇಲೆ ಅವುಗಳ ನೆರಳು ಅಚ್ಚೊತ್ತುವ ಸಂಭವವಿದೆ. ಮನರಂಜನೆಗೆ ಬಳಸುವವರಿಗೆ ಇದು ಚಿಂತೆಯಲ್ಲ. ಇವರಿಗೆ ಚಿಂತೆಯೇ.

ಈಗ ಇಡೀ ಪ್ರಕರಣದ ದಿಕ್ಕು ತಿರುಗಿಸಿದ ಲೆಕ್ಕಕ್ಕೆ ಬರುತ್ತೇನೆ. ಕನ್ನಡದ ಬಹುಪಾಲು ಪುಸ್ತಕಗಳು ಡೆಮಿ ಅಷ್ಟದಳದ ಆಕಾರದವು: ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಎದುರುಬದುರು ಎರಡು ಪುಟ ಒಟ್ಟಿಗೆ ನೋಡಲು 11 ಇಂಚು ಅಗಲ ಬೇಕು. 15.6 ಇಂಚಿನ ಮಾಮೂಲಿ ಪರದೆಯ ಎತ್ತರ ಏಳೂಮುಕ್ಕಾಲು ಇಂಚಿಗೂ ಕಡಿಮೆ. 16 ಇಂಚಿನ, ಎತ್ತರ ಹೆಚ್ಚಿಸಿದ ಹೊಸ ಬಗೆಯ ಪರದೆಯಲ್ಲೂ ಎಂಟೂವರೆಗೆ ಕೂದಲೆಳೆ ಕಡಿಮೆ, ಅದರಲ್ಲೂ ಮೇಲಿನ ಪಟ್ಟಿ ಕೆಳಗಿನ ಪಟ್ಟಿಗಳ ಪಾಲು ಹೋಗುತ್ತದೆ. ಅಂದರೆ ಅವರು ಕೊಳ್ಳಬಹುದಾದ ಯಾವ ಲ್ಯಾಪ್‌ಟಾಪಿನಲ್ಲೂ ಪುಸ್ತಕದ ಜೋಡಿಪುಟ ಅದರ ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ. 24 ಇಂಚಿನ ಮಾನಿಟರ್ ಸುಮಾರು 21 ಇಂಚು ಅಗಲ, ಹನ್ನೊಂದೂಮುಕ್ಕಾಲು ಇಂಚು ಎತ್ತರ. ಜೋಡಿಪುಟವೂ ಕೂರುತ್ತದೆ, ಪಕ್ಕದಲ್ಲಿ ಫಲಕಗಳೂ ಕೂರುತ್ತವೆ.

ಇದು ಸೌಕರ್ಯದ ಮಾತಷ್ಟೇ ಅಲ್ಲ. ಕನ್ನಡದ ಪುಟವನ್ನು ಕುಗ್ಗಿಸಿ ನೋಡಿದರೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿದೆಯೇ, ಅರ್ಕಾವೊತ್ತು ಸರಿಯಾದ ಜಾಗದಲ್ಲಿದೆಯೇ ಎಂಬುದು ತಿಳಿಯಬೇಕಾದರೆ ನಿಜ ಅಳತೆಯಲ್ಲಿ ನೋಡಬೇಕು. ಇಷ್ಟು ವರ್ಷ ಅವರು ಹಿಗ್ಗಿಸಿ ಅರ್ಧ ಪುಟ, ಕುಗ್ಗಿಸಿ ಪೂರ್ಣ ಪುಟ ನೋಡುತ್ತ ಕಣ್ಣು ದಣಿಸಿಕೊಂಡಿದ್ದರು.

ಹಾಗಾಗಿ ಎಪ್ಪತ್ತು ಸಾವಿರವನ್ನು ಎರಡು ಭಾಗ ಮಾಡಿದೆವು. ಹತ್ತು ಸಾವಿರದ ಒಳಗೆ ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ, ಐಪಿಎಸ್ ಬಗೆಯ 24 ಇಂಚಿನ ಮಾನಿಟರ್. ಉಳಿದದ್ದರಲ್ಲಿ, ಲೇಖಕರ ಮನೆಗೂ ಮುದ್ರಣಾಲಯಕ್ಕೂ ಒಯ್ಯಲು ಹಗುರವಾದ 14 ಇಂಚಿನ ಲ್ಯಾಪ್‌ಟಾಪ್. ಅಡೋಬಿ ತಾನೇ ಇನ್‌ಡಿಸೈನ್‌ಗೆ 16 ಜಿಬಿ ರ‍್ಯಾಮ್ ಶಿಫಾರಸು ಮಾಡುವುದರಿಂದ ಅದಕ್ಕಿಂತ ಕಡಿಮೆಯದನ್ನು ನೋಡಲೇ ಇಲ್ಲ. ಇಡೀ ರ‍್ಯಾಮ್ ಬೋರ್ಡಿಗೆ ಬೆಸೆದ ಮಾದರಿಗಳನ್ನೂ ಬಿಟ್ಟೆವು. ಹಳೆಯ ಯಂತ್ರದ ಆಯಸ್ಸು ಹೆಚ್ಚಿಸಿದ್ದು ಆ ಖಾಲಿ ಸ್ಲಾಟೇ ತಾನೆ.

ಪ್ರೊಸೆಸರ್ ವಿಷಯದಲ್ಲಿ ಅಂಕಿಗಳು ಬಹಳ ದಾರಿ ತಪ್ಪಿಸುತ್ತವೆ. ಎಎಂಡಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಅಂಗಡಿಯ ಚೀಟಿಯಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲನೆಯದು ಹಳೆಯ ಜೆನ್ 2 ವಿನ್ಯಾಸದ, ನಾಲ್ಕು ಲೆಕ್ಕದ ಘಟಕಗಳ ಅಂದರೆ ನಾಲ್ಕು ಕೋರ್‌ಗಳದ್ದು, ಎರಡನೆಯದು ಜೆನ್ 3 ವಿನ್ಯಾಸದ ಆರು ಕೋರ್‌ಗಳದ್ದು. ಆ ಸರಣಿಯಲ್ಲಿ ವಿನ್ಯಾಸದ ಪೀಳಿಗೆಯನ್ನು ಹೇಳುವುದು ಮೂರನೇ ಅಂಕಿ. ಮೊದಲ ಅಂಕಿ ಬಿಡುಗಡೆಯ ವರ್ಷದ ಸಾಲನ್ನು ಸೂಚಿಸುತ್ತದೆ. ಇದನ್ನು ತಿಳಿಯದೆ "7000 ಸರಣಿ" ಎಂದು ಕೇಳಿ ಕೊಳ್ಳುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹೆಸರಿಡುವ ಕ್ರಮ ಕೊಳ್ಳುವವರಿಗೆ ಅರ್ಥವಾಗುವಂತೆ ಇರಬೇಕಿತ್ತು.

ಕೊನೆಗೆ ಉಳಿದದ್ದು ಎರಡು: 7530ಯು ಇದ್ದ, ಐವತ್ತೆರಡು ಸಾವಿರದ ಲ್ಯಾಪ್‌ಟಾಪ್, ಇಂಟೆಲ್ ಕೋರ್ ಅಲ್ಟ್ರಾ 5 ಇದ್ದ, ಅರವತ್ತೆಂಟು ಸಾವಿರದ್ದು. ಮಾನಿಟರನ್ನು ಸದ್ಯಕ್ಕೆ ಬಿಡಬೇಕಾಗಿ ಬಂದರೂ ನಾನು ಎರಡನೆಯದಾದ ಹೊಸದರ ಕಡೆ ವಾಲಿದ್ದೆ. ಎರಡರ ನಡುವಿನ ಅಂತರದಲ್ಲಿ ಮಾನಿಟರೂ ಬರುತ್ತದೆ, ಮೂರು ವರ್ಷಕ್ಕೆ ವಾರಂಟಿ ವಿಸ್ತರಣೆಯೂ ಬರುತ್ತದೆ ಎಂದು ಅವರು ಮೊದಲನೆಯದನ್ನು ಆರಿಸಿದರು. ದಿನವಿಡೀ ಆ ಪರದೆ ನೋಡುವವರು ಅವರು. ಅವರ ತೀರ್ಮಾನಕ್ಕೆ ನಾನು ತಲೆಬಾಗಿದೆ. ಈ ಆಯ್ಕೆಯಲ್ಲಿ ಒಂದು ಅಪಾಯವಿದೆ, ಅದನ್ನೂ ಅವರಿಗೆ ಹೇಳಿದ್ದೆ: 7530ಯು 2023ರಲ್ಲಿ ಬಂದ ಪ್ರೊಸೆಸರ್, ಅದರ ವಿನ್ಯಾಸ ಇನ್ನೂ ಹಳೆಯದು. ಮುಂದಿನ ವಿಂಡೋಸ್ ಎಲ್ಲಿ ಗೆರೆ ಎಳೆಯುತ್ತದೋ ಗೊತ್ತಿಲ್ಲ. 2018ರ ಖರೀದಿಗೆ ಆದದ್ದೇ ಇದಕ್ಕೂ ಆಗಬಹುದು. ಆರು ವರ್ಷ ಬಂದರೆ ಸಾಕು ಎಂದು ಅವರು ತಿಳಿದೇ ಒಪ್ಪಿದರು.

ಹುಬ್ಬಳ್ಳಿಯ ಅಂಗಡಿಗೆ ಪೆನ್‌ಡ್ರೈವಿನಲ್ಲಿ ತಮ್ಮದೇ ಪುಸ್ತಕವೊಂದರ ಪಿಡಿಎಫ್ ಮತ್ತು ಅದರ ಅಚ್ಚಾದ ಪ್ರತಿಯನ್ನು ಒಯ್ದಿದ್ದರು. ಪರದೆಯ ಮೇಲಿನ ಮುಖಪುಟದ ಪಕ್ಕ ಅಚ್ಚಾದ ಮುಖಪುಟ ಹಿಡಿದು ನೋಡಿದರು, ಹತ್ತು ಪಾಯಿಂಟಿನ ಪಠ್ಯವನ್ನು ಓದಿದರು. ಅಂಗಡಿಯ ಹುಡುಗ ತೋರಿಸುವ ಬೆಟ್ಟ, ಜಲಪಾತದ ವಿಡಿಯೊದಲ್ಲಿ ಎಲ್ಲ ಪರದೆಗಳೂ ಚೆಂದವೇ.

ಕೊಂಡ ಮೇಲೆ

ಮೊದಲ ತೊಡಕು ಯಾವ ವಿಮರ್ಶೆಯಲ್ಲೂ ಕಾಣಸಿಗದಂಥದ್ದು. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಅವರು ವರ್ಷಗಳಿಂದ ಸ್ಕ್ರೋಲ್ ಲಾಕ್ ಕೀಲಿ ಒತ್ತುತ್ತ ಬಂದವರು. ಹೊಸ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇರಲಿಲ್ಲ. ಉಳಿದ ಜಗತ್ತಿಗೆ ಬೇಡವಾದ ಕೀಲಿಯೆಂದು ತಯಾರಕರು ತೆಗೆದುಹಾಕಿದ್ದಾರೆ. ಕನ್ನಡ ಟೈಪ್ ಮಾಡುವವರ ಬೆರಳು ನಿಮಿಷಕ್ಕೊಮ್ಮೆ ಅದನ್ನು ಹುಡುಕುತ್ತದೆ. ಪೂರ್ಣ ಗಾತ್ರದ ಯುಎಸ್‌ಬಿ ಕೀಲಿಮಣೆ ತಂದು ಮಾನಿಟರಿನ ಮುಂದೆ ಇಟ್ಟ ಮೇಲೆ ಸಮಸ್ಯೆ ಬಗೆಹರಿಯಿತು. ನುಡಿ ಅಥವಾ ಬರಹ ತಂತ್ರಾಂಶ ಬಳಸುವವರು ಯಾವ ಲ್ಯಾಪ್‌ಟಾಪ್ ನೋಡಿದರೂ ಮೊದಲು ಕೀಲಿಮಣೆಯನ್ನು ನೋಡಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಳೆಯ ಲ್ಯಾಪ್‌ಟಾಪ್ ಮನೆಯಲ್ಲೇ ಉಳಿಯಿತು. ಅದರಲ್ಲಿ ಪೇಜ್‌ಮೇಕರ್ 7 ಇದೆ. 2001ರಲ್ಲಿ ಬಂದ ಆ ಪುಟವಿನ್ಯಾಸ ತಂತ್ರಾಂಶದ ಅಭಿವೃದ್ಧಿಯನ್ನು ಅಡೋಬಿ ನಿಲ್ಲಿಸಿ ಎರಡು ದಶಕ ಕಳೆದಿದೆ, ಆದರೆ ಅದರಲ್ಲಿ ಹಳೆಯ ನುಡಿ ಫಾಂಟುಗಳಿಂದ ಜೋಡಿಸಿದ ಪುಸ್ತಕಗಳು ಮರುಮುದ್ರಣಕ್ಕೆ ಬರುತ್ತಲೇ ಇರುತ್ತವೆ. ಆ ಹಳೆಯ ಪಠ್ಯವನ್ನು ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಬಹುದು, ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ಅಲ್ಲಲ್ಲಿ ಕೆಡುವುದರಿಂದ ಇಡೀ ಪುಸ್ತಕದ ಕರಡನ್ನು ಮತ್ತೆ ತಿದ್ದಬೇಕಾಗುತ್ತದೆ. ಎರಡು ಪುಟದ ತಿದ್ದುಪಡಿಯೊಂದಿಗೆ ಮರುಮುದ್ರಣವಾಗುವ ಪುಸ್ತಕಕ್ಕೆ ಅಷ್ಟು ಖರ್ಚನ್ನು ಪ್ರಕಾಶಕರು ಭರಿಸುವುದಿಲ್ಲ. ಅದಕ್ಕೇ ಹಳೆಯ ಯಂತ್ರದ ವೈಫೈ ಆರಿಸಿ, ಕೀಲು ರಿಪೇರಿ ಮಾಡಿಸಿ, ಆ ಕೆಲಸಕ್ಕೆಂದೇ ಇಟ್ಟಿದ್ದಾರೆ. ಅಂತರ್ಜಾಲಕ್ಕೇ ಹೋಗದ ಯಂತ್ರವಾದ್ದರಿಂದ ಭದ್ರತಾ ಪರಿಷ್ಕರಣೆ ನಿಂತರೂ ಆತಂಕ ಬಹಳ ಕಡಿಮೆ. ಪೆನ್‌ಡ್ರೈವ್ ಹಾಕುವ ಮುನ್ನ ಹೊಸ ಯಂತ್ರದಲ್ಲಿ ಪರೀಕ್ಷಿಸಿಕೊಳ್ಳುತ್ತಾರೆ.

ಸೆಪ್ಟೆಂಬರ್ ಮೊದಲ ಭಾಗದಲ್ಲಿ ಎರಡೂ ಯಂತ್ರಗಳು ಜೊತೆಜೊತೆಯಾಗಿ ನಡೆದವು. ಒಂದೇ ಪುಸ್ತಕವನ್ನು ಎರಡರಲ್ಲೂ ತೆರೆದು ಪುಟಸಂಖ್ಯೆ ಹೊಂದುತ್ತದೆಯೇ ನೋಡಿದರು. ಒಂದು ಫಾಂಟಿನ ಆವೃತ್ತಿ ವ್ಯತ್ಯಾಸ ಆಗಲೇ ಸಿಕ್ಕಿತು, ಅಕ್ಟೋಬರ್‌ನಲ್ಲಿ ಸಿಕ್ಕಿದ್ದರೆ ಒಂದು ವಿಶೇಷಾಂಕವೇ ತಡವಾಗುತ್ತಿತ್ತು. ದಸರೆಯ ಮಾರಾಟದಲ್ಲಿ ಅದೇ ಲ್ಯಾಪ್‌ಟಾಪಿನ ಬೆಲೆ ಮೂರು ಸಾವಿರದಷ್ಟು ಇಳಿದದ್ದನ್ನೂ ಅವರು ನೋಡಿದರು. ಆ ವಾರ ಅವರ ಮೇಜಿನ ಮೇಲೆ ಐದು ಪುಸ್ತಕಗಳಿದ್ದವು.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳಿಗೆ ಮೆಮೊರಿ ಹರಿದುಹೋಗಿ ಸಾಮಾನ್ಯ ಕಂಪ್ಯೂಟರುಗಳಿಗೆ ಅಭಾವ ಉಂಟಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ಕೊಂಡದ್ದನ್ನು ಇದು ಸಮರ್ಥಿಸುತ್ತದೆ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಆಗ ನಮ್ಮ ಲೆಕ್ಕದಲ್ಲಿ ಇದು ಇರಲೇ ಇಲ್ಲ. ಆದರೆ ಲ್ಯಾಪ್‌ಟಾಪ್ ಬೆಲೆ ಕಾದಷ್ಟೂ ಇಳಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಈಗ ಕೊಳ್ಳುವವರು ಪಕ್ಕಕ್ಕಿಡಬೇಕು. ಇವರ ಯಂತ್ರದಲ್ಲಿ 8 ಜಿಬಿ ಬೆಸೆದದ್ದು, ಇನ್ನೊಂದು 8 ಜಿಬಿ ಸ್ಲಾಟಿನಲ್ಲಿದೆ. ಸ್ಲಾಟಿನದನ್ನು 16ಕ್ಕೆ ಏರಿಸುವ ಯೋಚನೆಯನ್ನು ಬೆಲೆ ಇಳಿಯುವವರೆಗೆ ಮುಂದೂಡಿದ್ದಾರೆ. ಬಣ್ಣದ ಚಿತ್ರಗಳಿರುವ ಮಕ್ಕಳ ಪುಸ್ತಕಕ್ಕೆ ಮಾತ್ರ ಈಗಿರುವ ಒಟ್ಟು 16 ಜಿಬಿ ಸ್ವಲ್ಪ ಬಿಗಿ ಎನಿಸುತ್ತದಂತೆ.

ಮಗಳ ಲ್ಯಾಪ್‌ಟಾಪ್ ಪ್ರಶ್ನೆಯನ್ನು ಸಿಇಟಿ ಸೀಟು ಹಂಚಿಕೆಯ ನಂತರಕ್ಕೆ ಬಿಟ್ಟಿದ್ದಾರೆ. ಯಾವ ಕೋರ್ಸು, ಯಾವ ಕಾಲೇಜು ಎಂದು ತಿಳಿದ ಮೇಲೆ ಆ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, ಬೇರೆ ಹಣದಲ್ಲಿ, ಬೇರೆಯದೇ ಯಂತ್ರ.